ಆಫೀಸಿನಲ್ಲಿ ಹೊತ್ತು ಹೋಗಲ್ಲ, ಬೈಕ್ ಹತ್ತಿದರೆ ನಿಲ್ಲಲ್ಲ: ಯಾಕೆ ಹೀಗೆ?

ಪ್ರಶ್ನೆ: ಸರ್, ನಮಸ್ಕಾರ. ನನಗೆ 36 ವರ್ಷ, ಊರು ಬೇಲೂರು. ಚಿಕ್ಕಮಗಳೂರಿನಲ್ಲಿ ತೋಟದಿಂದ ಬಂದ ಕಾಫಿಯ ಸಿಪ್ಪೆ ತೆಗೆದು ಹಸನು ಮಾಡುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ದಿನಾ ಬೈಕಲ್ಲೇ ಓಡಾಟ. ಹೋಗೋದು 25 ಕಿ.ಮೀ., ಬರೋದು 25 ಕಿ.ಮೀ. ಸೀಸನ್ ಮುಗಿದ ಮೇಲೆ ಮಧ್ಯಾಹ್ನ ಎರಡೂವರೆಯಿಂದ ಐದೂವರೆವರೆಗೆ ಆಫೀಸಿನಲ್ಲಿ ಹೊತ್ತೇ ಹೋಗುವುದಿಲ್ಲ. ಗಡಿಯಾರ ನಿಂತೇ ಹೋಯಿತೇನೋ ಅನ್ನಿಸುತ್ತದೆ. ಅದೇ ಭಾನುವಾರ ಬೆಳಗ್ಗೆ ಆರಕ್ಕೆ ಹೊರಟು ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ ಸುತ್ತಿ ಒಂದು ಗಂಟೆಗೆ ಮನೆ ಸೇರಿದರೆ ಏಳು ಗಂಟೆ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ವಿಚಿತ್ರ ಅಂದ್ರೆ, ರಾತ್ರಿ ಮಲಗಿ ನೆನೆಸಿಕೊಂಡರೆ ಆ ಭಾನುವಾರವೇ ಉದ್ದ, ಇಡೀ ವಾರ ಸೇರಿ ಒಂದು ದಿನದಷ್ಟು. ಹೆಂಡತಿ ಹಿಂದೆ ಕೂತರೆ ಅವಳಿಗೆ ಅದೇ ದಾರಿ ಮುಗಿಯುವುದೇ ಇಲ್ಲ, ‘ಇನ್ನೂ ಎಷ್ಟು ದೂರ’ ಅಂತ ಕೇಳುತ್ತಲೇ ಇರುತ್ತಾಳೆ. ಕಳೆದ ತಿಂಗಳು ಒಂದು ತಿರುವಿನಲ್ಲಿ ಎದುರಿಗೆ ಪಿಕಪ್ ಬಂತು. ಬ್ರೇಕ್ ಹಿಡಿದೆ, ಏನೂ ಆಗಲಿಲ್ಲ. ಆದರೆ ಆ ಎರಡು ಕ್ಷಣ ಸ್ಲೋ ಮೋಷನ್‌ನಲ್ಲಿ ನಡೆದಂತಿತ್ತು. ದಿನದ ದಾರಿ ಮಾತ್ರ ತಲೆಯಲ್ಲಿ ಉಳಿಯುವುದೇ ಇಲ್ಲ. ಆಫೀಸ್ ಗೇಟಿನ ಹತ್ತಿರ ಬಂದಾಗ ಹೇಗೆ ಬಂದೆ ಅನ್ನುವುದೇ ನೆನಪಿರುವುದಿಲ್ಲ. ಆಫೀಸಿನಲ್ಲಿ ಒಬ್ಬರು ಇದು ಐನ್‌ಸ್ಟೈನ್ ಹೇಳಿದ್ದೇ ಅಂತಾರೆ. ನನ್ನ ತಲೆಯಲ್ಲೇ ಏನಾದರೂ ತೊಂದರೆ ಇದೆಯಾ?

ಉತ್ತರ: ಮೊದಲು ಭಯ ಬಿಡಿ. ನೀವು ಬರೆದದ್ದರಲ್ಲಿ ಕಾಯಿಲೆ ಅನ್ನುವಂಥದ್ದು ನನಗೆ ಕಾಣುತ್ತಿಲ್ಲ. ಒಂದು ಕಡೆ ಮಾತ್ರ ನಿಮ್ಮನ್ನು ಕೆಲವು ಪ್ರಶ್ನೆ ಕೇಳಬೇಕಿದೆ. ದಿನದ ದಾರಿಯ ವಿಷಯ ಬಂದಾಗ ಕೇಳುತ್ತೇನೆ.

ಐನ್‌ಸ್ಟೈನ್ ವಿಷಯ ಮೊದಲೇ ಮುಗಿಸಿಬಿಡೋಣ. ನಿಮ್ಮ ಆಫೀಸಿನವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಓಡುವ ಗಡಿಯಾರ ನಿಂತ ಗಡಿಯಾರಕ್ಕಿಂತ ನಿಧಾನ. ಎತ್ತರದಲ್ಲಿರುವ ಗಡಿಯಾರ ತಗ್ಗಿನದಕ್ಕಿಂತ ಬೇಗ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರ ಇದೆ, ಅಂದರೆ ಚಿಕ್ಕಮಗಳೂರು ಪೇಟೆಗಿಂತ 800 ಮೀಟರಿಗೂ ಮೇಲೆ. ಅಲ್ಲಿಟ್ಟ ಗಡಿಯಾರ ಪೇಟೆಯ ಗಡಿಯಾರಕ್ಕಿಂತ ದಿನಕ್ಕೆ ಏಳೆಂಟು ನ್ಯಾನೋಸೆಕೆಂಡ್ ಮುಂದೆ ಹೋಗುತ್ತದೆ. ಒಂದು ನ್ಯಾನೋಸೆಕೆಂಡ್ ಅಂದ್ರೆ ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು. 80ರ ವೇಗದಲ್ಲಿ ದಿನವಿಡೀ ಬೈಕ್ ಓಡಿಸಿದರೂ ಆಗುವ ವ್ಯತ್ಯಾಸ ಇದಕ್ಕಿಂತ ಎಷ್ಟೋ ಕಮ್ಮಿ. ಫೋನಿನಲ್ಲಿ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳಿಗೆ ಈ ಲೆಕ್ಕ ಬೇಕೇ ಬೇಕು. ಅವುಗಳ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೋಡುತ್ತದೆ, ಅದನ್ನು ಸರಿಪಡಿಸದಿದ್ದರೆ ಮ್ಯಾಪ್ ನಿಮ್ಮನ್ನು ಯಾರದೋ ತೋಟದೊಳಗೆ ನಿಲ್ಲಿಸುತ್ತದೆ. ನಿಮ್ಮ ಮಧ್ಯಾಹ್ನಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮದು ತಲೆಯೊಳಗಿನ ಹೊತ್ತು.

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಆಫೀಸನ್ನು ಒಂದು ಕಡೆ, ಬೈಕನ್ನು ಇನ್ನೊಂದು ಕಡೆ ಇಟ್ಟು ಕೇಳುತ್ತಾರೆ. ಆಫೀಸ್ ಬೇಜಾರು, ಬೈಕ್ ಖುಷಿ, ಖುಷಿಯಲ್ಲಿ ಹೊತ್ತು ಓಡುತ್ತದೆ, ಅಲ್ಲಿಗೆ ಮುಗೀತು. ಆದರೆ ನಿಮ್ಮ ಪತ್ರವೇ ಇದನ್ನು ಒಪ್ಪುವುದಿಲ್ಲ ನೋಡಿ. ದಿನಾ ಆಫೀಸಿಗೆ ಹೋಗುವುದೂ ಅದೇ ಬೈಕಲ್ಲೇ. ಆ ಓಟದಲ್ಲಿ ಒಂದು ಚೂರೂ ನೆನಪಿಲ್ಲ. ಇನ್ನೊಂದು ಕಡೆ, ‘ಸೀಸನ್ ಮುಗಿದ ಮೇಲೆ’ ಅಂತ ಬರೆದಿದ್ದೀರಿ. ಸೀಸನ್ನಿನಲ್ಲಿ ಏನಾಗುತ್ತದೆ? ಜನವರಿ, ಫೆಬ್ರವರಿಯಲ್ಲಿ ಗೇಟಿನ ಹೊರಗೆ ಲಾರಿ ಸಾಲು, ಒಳಗೆ ವೇಬ್ರಿಡ್ಜ್ ಚೀಟಿಗಳ ಕಂತೆ, ತೇವಾಂಶ ಜಾಸ್ತಿ ಅಂದಿದ್ದಕ್ಕೆ ಜಗಳ ತೆಗೆದ ಪ್ಲಾಂಟರು, ಔಟ್‌ಟರ್ನ್ (ಹಸನು ಮಾಡಿದ ಮೇಲೆ ಸಿಕ್ಕ ಬೀಜ) ಎಷ್ಟು ಬಂತು ಅಂತ ಫೋನಿನ ಮೇಲೆ ಫೋನು. ಆಗ ಊಟಕ್ಕೆ ಏಳಲೂ ಬಿಡುವಿಲ್ಲ, ಅಲ್ವಾ? ಅದೇ ಕುರ್ಚಿ, ಅದೇ ಟೇಬಲ್ಲು. ಹಾಗಾದರೆ ಹೊತ್ತನ್ನು ಎಳೆಯುವುದು ಆಫೀಸಲ್ಲ, ಓಡಿಸುವುದು ಬೈಕೂ ಅಲ್ಲ.

ನಾವು ಹೊತ್ತಿನ ಬಗ್ಗೆ ಎರಡು ಬೇರೆ ಬೇರೆ ಪ್ರಶ್ನೆ ಕೇಳುತ್ತೇವೆ, ಆದರೆ ಒಂದೇ ಪ್ರಶ್ನೆ ಅಂದುಕೊಂಡಿರುತ್ತೇವೆ. ಒಂದು, ಈಗ ಹೊತ್ತು ಹೇಗೆ ಹೋಗುತ್ತಿದೆ? ಇನ್ನೊಂದು, ಆಗ ಎಷ್ಟು ಹೊತ್ತು ಹೋಗಿತ್ತು? ಮೊದಲನೆಯದಕ್ಕೆ ಉತ್ತರ ಹೇಳುವುದು ಗಮನ. ಎರಡನೆಯದಕ್ಕೆ ಹೇಳುವುದು ನೆನಪು. ಎರಡೂ ಬಹಳ ಸಲ ಉಲ್ಟಾ ಹೇಳುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಬಗೆಬಗೆಯ ಅನುಭವ ತುಂಬಿದ ಹೊತ್ತು ಕಳೆಯುವಾಗ ಚಿಕ್ಕದು, ತಿರುಗಿ ನೋಡಿದಾಗ ಉದ್ದ. ಖಾಲಿ ಹೊತ್ತು ಕಳೆಯುವಾಗ ಉದ್ದ, ತಿರುಗಿ ನೋಡಿದಾಗ ಚಿಕ್ಕದು. ನಿಮ್ಮ ಭಾನುವಾರ, ನಿಮ್ಮ ವಾರ ಎರಡೂ ಇದರಲ್ಲಿ ಬಂದುಬಿಟ್ಟವು.

ಈಗ ಮಧ್ಯಾಹ್ನಕ್ಕೆ ಬರೋಣ. ಬೆಳಕಿಗೆ ಕಣ್ಣಿದೆ, ಸದ್ದಿಗೆ ಕಿವಿ ಇದೆ. ಹೊತ್ತಿಗೆ ಅಂತ ಬೇರೆ ಇಂದ್ರಿಯ ಇಲ್ಲ. ರಾತ್ರಿ ಹಗಲಿನ ಲಯ ನೋಡಿಕೊಳ್ಳಲು ಮಿದುಳಿನಲ್ಲಿ ಒಂದು ಪುಟ್ಟ ಭಾಗ ಇದೆ ನಿಜ. ಆದರೆ ಸೆಕೆಂಡು, ನಿಮಿಷಗಳ ಅಂದಾಜಿಗೆ ಅಂತ ಒಂದೇ ಜಾಗ ಇಲ್ಲ, ಹಲವು ಭಾಗಗಳು ಸೇರಿ ಮಾಡುವ ಕೆಲಸ ಅದು. ಆ ಅಂದಾಜಿಗೆ ಗಮನ ಬೇಕು. ಎಷ್ಟು ಗಮನ ಕೊಡುತ್ತೀರೋ ಅಷ್ಟು ಹೊತ್ತು ಲೆಕ್ಕಕ್ಕೆ ಸಿಗುತ್ತದೆ. ಕೆಲಸ ನಿಮ್ಮ ಗಮನವನ್ನೆಲ್ಲ ಎಳೆದುಕೊಂಡರೆ ಹೊತ್ತಿನ ಲೆಕ್ಕ ಇಡಲು ಏನೂ ಉಳಿಯುವುದಿಲ್ಲ. ಕೆಲಸ ಕಮ್ಮಿ ಇದ್ದರೆ ಗಮನ ಹೋಗಿ ಹೊತ್ತಿನ ಮೇಲೇ ಕೂರುತ್ತದೆ. ಎರಡೂವರೆಗೆ ಊಟದ ಮಂಪರು ಬೇರೆ. ಒಂದರಿಂದ ನಾಲ್ಕರ ನಡುವೆ ಎಚ್ಚರ ಸ್ವಲ್ಪ ಇಳಿಯುವುದು ಮನುಷ್ಯರಿಗೆ ಸಹಜ, ಊಟ ಬಿಟ್ಟರೂ ಇಳಿಯುತ್ತದೆ. ಮಂಪರಿನಲ್ಲಿ ಒಂದು ಲೆಡ್ಜರ್ ತೆರೆಯುತ್ತೀರಿ, ಮುಚ್ಚುತ್ತೀರಿ, ತಲೆ ಎತ್ತಿ ಗಡಿಯಾರ ನೋಡುತ್ತೀರಿ. ಮೂರು ಹತ್ತು. ಮತ್ತೆ ನೋಡುತ್ತೀರಿ. ಮೂರು ಹದಿಮೂರು.

ಗಡಿಯಾರ ನಿಂತಂತೆ ಕಾಣುತ್ತದೆ ಅಂದಿರಲ್ಲ, ಅದು ಬರೀ ಬೇಜಾರಿನ ಮಾತಲ್ಲ. ಸೆಕೆಂಡ್ ಮುಳ್ಳು ಟಿಕ್ ಟಿಕ್ ಅಂತ ಹಾರುವ ಗಡಿಯಾರವನ್ನು ಥಟ್ಟನೆ ತಿರುಗಿ ನೋಡಿ. ಮೊದಲ ಸೆಕೆಂಡು ಉಳಿದವಕ್ಕಿಂತ ಉದ್ದ ಅನ್ನಿಸುತ್ತದೆ. ಸೆಲ್ ಹೋಯ್ತಾ ಅನ್ನುವಷ್ಟರಲ್ಲಿ ಮುಳ್ಳು ಮುಂದಕ್ಕೆ ಹಾರುತ್ತದೆ. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವಾಗ ನಡುವೆ ಕಾಣುವುದು ಮಸುಕು. ಮಿದುಳು ಆ ಮಸುಕನ್ನು ಮರೆಮಾಡಿ, ಆಮೇಲೆ ಕಂಡದ್ದನ್ನೇ ಹಿಂದಕ್ಕೆ ಎಳೆದು ಆ ಸಂದಿ ತುಂಬುತ್ತದೆ. ಹಾಗಾಗಿ ಮುಳ್ಳು ತುಸು ಜಾಸ್ತಿ ಹೊತ್ತು ಅಲ್ಲೇ ಇದ್ದಂತೆ ಕಾಣುತ್ತದೆ. 2001ರಲ್ಲಿ ಇಂಗ್ಲೆಂಡಿನ ಸಂಶೋಧಕರು ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ಮಧ್ಯಾಹ್ನ ಎಷ್ಟು ಸಲ ಗಡಿಯಾರ ನೋಡುತ್ತೀರೋ ಅಷ್ಟು ಸಲ ಅದು ನಿಮ್ಮನ್ನು ಅಣಕಿಸುತ್ತದೆ.

ಭಾನುವಾರ ಚಾರ್ಮಾಡಿಯಲ್ಲಿ ಏನಾಗುತ್ತದೆ ಅನ್ನುವುದನ್ನು ಒಂದೇ ಒಂದು ತಿರುವಿನಲ್ಲಿ ನೋಡೋಣ. ತಿರುವು ಪೂರ್ತಿ ಕಾಣುವ ಮುಂಚೆ ಒಂದು ಹಾರ್ನ್. ಎಕ್ಸಿಲೇಟರ್ ಬಿಟ್ಟು, ಎರಡೂ ಬ್ರೇಕ್ ಹದವಾಗಿ ಹಿಡಿದು, ಮೂರರಿಂದ ಎರಡನೇ ಗೇರ್. ಎಡಕ್ಕೆ ಗುಡ್ಡದಿಂದ ಇಳಿದ ಮಣ್ಣು ರಸ್ತೆಗೆ ಬಂದಿದೆಯಾ? ಬಲಕ್ಕೆ ಬಸ್ಸು ಅಗಲವಾಗಿ ತಿರುಗುತ್ತಿದೆಯಾ? ಒದ್ದೆ ಎಲೆ ಎಲ್ಲಿ ಅಂಟಿಕೊಂಡಿದೆ? ಕಣ್ಣು ತಿರುವಿನ ಆ ತುದಿಗೆ, ಮೈ ಒಳಗಡೆಗೆ, ಆಮೇಲೆ ಮೆಲ್ಲಗೆ ಎಕ್ಸಿಲೇಟರ್. ಇಷ್ಟೂ ಐದಾರು ಸೆಕೆಂಡಿನ ಕೆಲಸ. ಸರಿ ಮಾಡಿದಿರಾ ತಪ್ಪು ಮಾಡಿದಿರಾ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಗೆರೆಯಿಂದ ಆಚೆ ಹೋದರೆ ಕೂಡಲೇ ಕಾಣುತ್ತದೆ, ಮುಂದಿನ ತಿರುವಿನಲ್ಲಿ ತಿದ್ದಿಕೊಳ್ಳುತ್ತೀರಿ. ಆಫೀಸಿನಲ್ಲಿ ಹಾಕಿದ ವೋಚರ್ ಸರಿಯೋ ತಪ್ಪೋ ಅಂತ ಗೊತ್ತಾಗುವುದು ಆಡಿಟ್‌ನಲ್ಲಿ!

ಹಂಗೇರಿ ಮೂಲದ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಅನ್ನುವ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಬಂಡೆ ಹತ್ತುವವರು, ಚೆಸ್ ಆಡುವವರು, ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರುಗಳು ಇಂಥವರನ್ನೆಲ್ಲ ಮಾತಾಡಿಸಿದರು. ಕೆಲಸದಲ್ಲಿ ಮುಳುಗಿದಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ ಅಂತ ಅವರೆಲ್ಲ ಹೇಳಿದರು. ಯಾವಾಗ ಹಾಗಾಗುತ್ತದೆ? ಮುಂದೇನು ಮಾಡಬೇಕು ಅನ್ನುವುದು ಸ್ಪಷ್ಟ ಇರಬೇಕು. ಮಾಡಿದ್ದರ ಫಲ ಆಗಲೇ ತಿಳಿಯಬೇಕು. ಕೆಲಸದ ಕಷ್ಟ ನಮ್ಮ ಕೈಚಳಕಕ್ಕೆ ಸರಿಸಮ ಇರಬೇಕು, ತೀರಾ ಸುಲಭವೂ ಬೇಡ, ಕೈಮೀರಿದ್ದೂ ಬೇಡ. ಘಾಟಿ ರಸ್ತೆ ಈ ಮೂರನ್ನೂ ತಿರುವಿಗೊಂದು ಸಲ ಕೊಡುತ್ತದೆ. ಖುಷಿ ಅನ್ನುವುದು ಆಮೇಲಿನ ಮಾತು. ಓಡಿಸುವ ಹೊತ್ತಿನಲ್ಲಿ ನಿಮಗೆ ಖುಷಿ ಪಡಲೂ ಪುರುಸೊತ್ತಿರುವುದಿಲ್ಲ.

ನಿಮ್ಮ ಮನೆಯವರ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಅದೇ ಬೈಕ್, ಅದೇ ದಾರಿ, ಅದೇ ಮಂಜು, ಅದೇ ಏಳು ಗಂಟೆ. ಆದರೆ ಅವರಿಗೆ ಮಾಡಲು ಕೆಲಸ ಇಲ್ಲ. ಎದುರಿಗೆ ಕಾಣುವುದು ನಿಮ್ಮ ಹೆಲ್ಮೆಟ್ಟಿನ ಹಿಂಭಾಗ. ತಿರುವು ಬರುವುದು ಅವರಿಗೆ ಗೊತ್ತಾಗುವುದು ಮೈ ವಾಲಿದ ಮೇಲೆ, ಹಂಪ್ ಗೊತ್ತಾಗುವುದು ಸೊಂಟಕ್ಕೆ ಬಡಿದ ಮೇಲೆ. ನೋವು, ಚಳಿ, ಮರಗಟ್ಟಿದ ಕಾಲು ಇವೆಲ್ಲ ಗಮನವನ್ನು ಮೈ ಕಡೆಗೆ ಎಳೆಯುತ್ತವೆ, ಮೈ ಕಡೆ ಗಮನ ಹೋದಾಗ ಹೊತ್ತು ಇನ್ನೂ ಎಳೆಯುತ್ತದೆ. ‘ಇನ್ನೂ ಎಷ್ಟು ದೂರ’ ಅಂತ ಕೇಳುವುದು ಅಸಹನೆಯಿಂದಲ್ಲ. ನೀವು ಆಫೀಸಿನಲ್ಲಿ ಗಡಿಯಾರ ನೋಡುವುದೂ ಅವರು ಹಾಗೆ ಕೇಳುವುದೂ ಒಂದೇ ಕೆಲಸ. ಬೇರೆ ದಾರಿ ಏನು ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ರಾತ್ರಿಯ ಲೆಕ್ಕ ಯಾಕೆ ಉಲ್ಟಾ ಆಗುತ್ತದೆ? ನೀವು ಅಕೌಂಟ್ಸಿನವರು, ನಿಮಗೆ ಬೇಗ ಅರ್ಥವಾಗುತ್ತದೆ. ನೆನಪು ಒಂದು ದಿನವಹಿ ಇದ್ದ ಹಾಗೆ. ಅದರಲ್ಲಿ ಗಂಟೆಗಳನ್ನು ಬರೆದಿರುವುದಿಲ್ಲ, ನಡೆದದ್ದನ್ನು ಬರೆದಿರುತ್ತದೆ. ಅದೂ ಎಲ್ಲವನ್ನೂ ಬರೆಯುವುದಿಲ್ಲ, ಹೊಸದನ್ನು, ಅಂದುಕೊಂಡದ್ದಕ್ಕಿಂತ ಬೇರೆಯಾಗಿ ನಡೆದದ್ದನ್ನು ಮಾತ್ರ ಬರೆದುಕೊಳ್ಳುತ್ತದೆ. ಎಷ್ಟು ಹೊತ್ತಾಗಿತ್ತು ಅಂತ ಕೇಳಿದರೆ ಎಷ್ಟು ಎಂಟ್ರಿ ಇದೆ ಅಂತ ನೋಡಿ ಉತ್ತರ ಹೇಳುತ್ತದೆ. ಮೂಡಿಗೆರೆ ದಾಟಿದ ಮೇಲೆ ಏಲಕ್ಕಿ ವಾಸನೆ ಬಂತು, ಒಂದು ಎಂಟ್ರಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದದ್ದು, ಅಲ್ಲಿ ಪಕ್ಕದ ಬೆಂಚಿನಲ್ಲಿ ಕೂತಿದ್ದ ಲಾರಿ ಡ್ರೈವರ್ ರಸ್ತೆ ಕುಸಿದ ಸುದ್ದಿ ಹೇಳಿದ್ದು, ಘಾಟಿಯಲ್ಲಿ ಇದ್ದಕ್ಕಿದ್ದ ಹಾಗೆ ಮಂಜು ಮುಚ್ಚಿ ಹೆಲ್ಮೆಟ್ ಗಾಜು ಎತ್ತಿಕೊಂಡು ಓಡಿಸಿದ್ದು, ಕೆಳಗಿಳಿದಂತೆ ಸೆಕೆ ಹತ್ತಿ ಜಾಕೆಟ್ ಬಿಚ್ಚಿದ್ದು. ಪುಟಗಟ್ಟಲೆ ಆಯಿತು. ಸೋಮವಾರದಿಂದ ಶನಿವಾರದವರೆಗೆ? ‘ನಿನ್ನೆಯಂತೆ’ ಅನ್ನುವ ಒಂದೇ ಸಾಲು, ಆರು ಸಲ. ಮಿದುಳು ಅದನ್ನು ಆರು ಸಲ ಬರೆಯುವುದಿಲ್ಲ.

ಇದರ ಅತಿರೇಕದ ಉದಾಹರಣೆ ಮಿಶೆಲ್ ಸಿಫ್ರ್ ಎಂಬ ಫ್ರೆಂಚ್ ಭೂವಿಜ್ಞಾನಿಯದು. 1962ರ ಜುಲೈ 16ರಂದು ಅವರು ಗಡಿಯಾರ ಇಲ್ಲದೆ ಆಲ್ಪ್ಸ್ ಪರ್ವತದ ಒಂದು ಗುಹೆಗೆ ಇಳಿದರು. ಕತ್ತಲು, ಚಳಿ, ಒಬ್ಬರೇ. ಸೆಪ್ಟೆಂಬರ್ 14ಕ್ಕೆ ಮೇಲಿನಿಂದ ಅವಧಿ ಮುಗಿಯಿತು ಅಂತ ಹೇಳಿದಾಗ ಅವರ ಲೆಕ್ಕದಲ್ಲಿ ಅದಿನ್ನೂ ಆಗಸ್ಟ್ 20. ಎರಡು ತಿಂಗಳಲ್ಲಿ 25 ದಿನ ಕಾಣೆ. ನಿಮ್ಮ ಆಫೀಸನ್ನು ಗುಹೆ ಅನ್ನುತ್ತಿಲ್ಲ, ತಪ್ಪು ತಿಳಿಯಬೇಡಿ. ದಿನದಿಂದ ದಿನಕ್ಕೆ ವ್ಯತ್ಯಾಸ ಇಲ್ಲದಿದ್ದರೆ ದಿನಗಳು ಒಂದರೊಳಗೊಂದು ಸೇರಿಹೋಗುತ್ತವೆ ಅನ್ನುವುದಕ್ಕೆ ಹೇಳಿದೆ. ನಲವತ್ತು ದಾಟಿದವರು ‘ವರ್ಷ ಹೇಗೆ ಓಡುತ್ತಿದೆ ನೋಡಿ’ ಅನ್ನುವುದರಲ್ಲಿ ವಯಸ್ಸಿಗಿಂತ ಇದರ ಪಾಲೇ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ.

ಈಗ ಬೇಲೂರಿನಿಂದ ಚಿಕ್ಕಮಗಳೂರಿನ ದಾರಿ. ಇದನ್ನು ಸ್ವಲ್ಪ ಗಂಭೀರವಾಗಿ ಓದಿ.

ಪರಿಚಿತ ದಾರಿಯಲ್ಲಿ ಕೈಕಾಲು ತಾನಾಗಿ ಕೆಲಸ ಮಾಡುತ್ತವೆ. ಗೇರ್, ಬ್ರೇಕ್, ಹಂಪ್ ಎಲ್ಲಿ, ಶಾಲೆ ಎಲ್ಲಿ, ಎಲ್ಲವೂ ಅಭ್ಯಾಸಕ್ಕೆ ಬಂದಿದೆ. ಹಾಗಂತ ನೀವು ದಾರಿ ನೋಡಿಲ್ಲ ಅಂತಲ್ಲ. ನೋಡಿದ್ದೀರಿ, ಆದರೆ ಬರೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ನಡುವೆ ದನ ಅಡ್ಡ ಬಂದಿದ್ದರೆ ಅದು ಖಂಡಿತ ನೆನಪಿರುತ್ತಿತ್ತು. ಇದು ಬಹುತೇಕ ಎಲ್ಲ ಸವಾರರಿಗೂ ಆಗುವಂಥದ್ದು. ಆದರೆ ಇದರಲ್ಲಿ ಒಂದು ಅಪಾಯ ಇದೆ. ಅಭ್ಯಾಸದಿಂದ ಓಡಿಸುವವರು ಅಲ್ಲಿ ಇರಬೇಕಾದದ್ದನ್ನು ನೋಡುತ್ತಾರೆ, ಈಗ ಇರುವುದನ್ನು ನೋಡುವುದು ತಡವಾಗುತ್ತದೆ. ನಿನ್ನೆ ಇಲ್ಲದ ಜಲ್ಲಿ ರಾಶಿ, ಲೈಟಿಲ್ಲದೆ ನಿಂತ ಟ್ರ್ಯಾಕ್ಟರು, ರಸ್ತೆ ಬದಿ ಒಣಗಲು ಹಾಕಿದ ಹುಲ್ಲು. ಅಪರಿಚಿತ ಘಾಟಿಗಿಂತ ಪರಿಚಿತ ದಾರಿಯಲ್ಲೇ ಈ ತಡ ಜಾಸ್ತಿ.

ಈಗ ನನ್ನ ಪ್ರಶ್ನೆಗಳು. ಹೀಗೆ ಹೊತ್ತು ಮಾಯವಾಗುವುದು ಬೈಕಿನ ಮೇಲೆ ಮಾತ್ರವೇ, ಬೇರೆ ಕಡೆಯೂ ಆಗುತ್ತದಾ? ಮಾತಾಡುತ್ತಾ ಇದ್ದವರು ನಡುವೆ ಸುಮ್ನೆ ನೋಡುತ್ತಾ ನಿಂತುಬಿಟ್ಟಿರಿ, ಕರೆದರೂ ಓಗೊಡಲಿಲ್ಲ ಅಂತ ಮನೆಯಲ್ಲಿ ಯಾರಾದರೂ ಹೇಳಿದ್ದಾರಾ? ಎದ್ದಾಗ ನಾಲಿಗೆ ಕಚ್ಚಿಕೊಂಡ ಗುರುತು, ಕಾರಣ ಗೊತ್ತಿಲ್ಲದ ಮೈಕೈ ನೋವು ಇರುತ್ತದಾ? ಇದ್ದರೆ ನರರೋಗ ತಜ್ಞರನ್ನು ನೋಡಿ, ಅಲ್ಲಿಯವರೆಗೆ ಬೈಕ್ ಮುಟ್ಟಬೇಡಿ. ಇನ್ನೊಂದು, ರಾತ್ರಿ ಜೋರು ಗೊರಕೆ, ಹಗಲಿಡೀ ತೂಕಡಿಕೆ ಇದೆಯಾ? ಬೈಕಿನ ಮೇಲೆ ರೆಪ್ಪೆ ಭಾರವಾಗಿ, ತಲೆ ಒಮ್ಮೆ ಜಗ್ಗಿದಂತಾಗಿ ಎಚ್ಚರವಾದ ಅನುಭವ ಇದೆಯಾ? ಅದು ಅಭ್ಯಾಸದ ಮರೆವಲ್ಲ, ಎರಡು ಮೂರು ಸೆಕೆಂಡಿನ ನಿದ್ದೆ. 60ರ ವೇಗದಲ್ಲಿ ಮೂರು ಸೆಕೆಂಡ್ ಅಂದ್ರೆ 50 ಮೀಟರ್ ಕಣ್ಣುಮುಚ್ಚಿ ಓಡಿಸಿದಂತೆ. ಆಗ ಮುಖ ತೊಳೆಯುವುದು, ಹಾಡು ಕೇಳುವುದು ಎಲ್ಲ ಸಾಲುವುದಿಲ್ಲ. ಬೈಕ್ ಪಕ್ಕಕ್ಕೆ ಹಾಕಿ ಹದಿನೈದು ಇಪ್ಪತ್ತು ನಿಮಿಷ ನಿಜವಾಗಿ ಮಲಗಬೇಕು.

ಹೊತ್ತು ಹೋಗದಿರುವ ಬಗ್ಗೆಯೂ ಒಂದು ಮಾತು. ಖಿನ್ನತೆ ಇರುವವರಿಗೆ ಹೊತ್ತು ಎಳೆಯುತ್ತದೆ, ಆದರೆ ಅವರಿಗೆ ಭಾನುವಾರವೂ ಎಳೆಯುತ್ತದೆ. ಇಷ್ಟದ ಕೆಲಸದಲ್ಲೂ ಮನಸ್ಸು ಹತ್ತುವುದಿಲ್ಲ. ನಿಮಗೆ ಹಾಗಿಲ್ಲ.

ಪಿಕಪ್ ಎದುರು ಬಂದಾಗ ಸ್ಲೋ ಮೋಷನ್ ಆಗಿದ್ದಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಅಪಾಯದಲ್ಲಿ ಮಿದುಳು ನಿಜವಾಗಿ ವೇಗವಾಗಿ ಕೆಲಸ ಮಾಡಿ ನಮಗೆ ಜಾಸ್ತಿ ಹೊತ್ತು ಕೊಡುತ್ತದಾ? ಅಮೆರಿಕದ ಡೇವಿಡ್ ಈಗಲ್‌ಮನ್ ಮತ್ತು ಅವರ ಜೊತೆಗಾರರು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. 31 ಮೀಟರ್ ಎತ್ತರದ ಗೋಪುರದಿಂದ ಜನರನ್ನು ಬೆನ್ನು ಕೆಳಗಾಗಿ ಬಿಟ್ಟರು. ಹಗ್ಗ ಇಲ್ಲ, ಕೆಳಗೆ ಬಲೆ. ಬೀಳುವುದು ಎರಡೂವರೆ ಸೆಕೆಂಡು. ಕೈಗೆ ಒಂದು ಯಂತ್ರ ಕಟ್ಟಿದ್ದರು, ಅದರಲ್ಲಿ ಅಂಕಿಗಳು ಕಣ್ಣಿಗೆ ಬೇರೆಬೇರೆಯಾಗಿ ಸಿಗದಷ್ಟು ಬೇಗ ಬದಲಾಗುತ್ತಿದ್ದವು. ನೋಟ ನಿಜವಾಗಿ ನಿಧಾನಗತಿಗೆ ಇಳಿಯುವುದಾದರೆ ಬೀಳುವಾಗ ಆ ಅಂಕಿ ಓದಲು ಬರಬೇಕಿತ್ತು. ಬರಲಿಲ್ಲ. ಆದರೆ ಬಿದ್ದವರನ್ನು ಆಮೇಲೆ ಕೇಳಿದರೆ, ಬೇರೆಯವರು ಬೀಳುವುದನ್ನು ನೋಡಿದ್ದಕ್ಕಿಂತ ತಾವು ಬಿದ್ದದ್ದು ಸರಾಸರಿ 36 ಶೇಕಡಾ ಉದ್ದ ಅಂದರು. 2007ರಲ್ಲಿ ಪ್ರಕಟವಾದ ಫಲಿತಾಂಶ ಇದು. ಹೆದರಿದಾಗ ನೆನಪು ತುಂಬಾ ದಟ್ಟವಾಗಿ ಕೂರುತ್ತದೆ. ಪಿಕಪ್ಪಿನ ಬಂಪರ್, ಡ್ರೈವರನ ಮುಖ, ಹಿಂದೆ ನಿಂತಿದ್ದ ಆಳುಗಳು, ಟೈರಿನ ಸದ್ದು. ಎರಡು ಕ್ಷಣದಲ್ಲಿ ಇಷ್ಟೆಲ್ಲ ಇದೆ ಅಂದ್ರೆ ಎರಡು ಕ್ಷಣ ಆಗಿರಲಿಕ್ಕಿಲ್ಲ ಅಂತ ಆಮೇಲೆ ತೀರ್ಮಾನವಾಗುತ್ತದೆ.

ಇದು ಬರೀ ಕುತೂಹಲದ ವಿಷಯ ಅಂದುಕೊಳ್ಳಬೇಡಿ. ‘ಆ ಟೈಮಿಗೆ ತಲೆ ಓಡುತ್ತೆ ಬಿಡಿ, ಎಲ್ಲ ನಿಧಾನ ಕಾಣುತ್ತೆ’ ಅಂತ ಹೇಳುವ ಸವಾರರನ್ನು ನಾನು ತುಂಬಾ ಜನ ನೋಡಿದ್ದೇನೆ. ಕಾಣುವುದಿಲ್ಲ. 60ರ ವೇಗದಲ್ಲಿ ಬೈಕ್ ಸೆಕೆಂಡಿಗೆ 17 ಮೀಟರಿನ ಹತ್ತಿರ ಓಡುತ್ತದೆ. ಅಡ್ಡ ಬಂದದ್ದು ಕಂಡು, ಕೈ ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ ಬ್ರೇಕ್ ಹಿಡಿಯುವ ಮುಂಚೆಯೇ 25 ಮೀಟರ್ ಹೋಯಿತು. ಆಮೇಲೆ ನಿಲ್ಲಲು ಬೇಕಾದ ದೂರ ಬೇರೆ, ರಸ್ತೆ ಒದ್ದೆ ಇದ್ದರೆ ಇನ್ನೂ ಬೇರೆ. ಅಂದು ನಿಮ್ಮನ್ನು ಉಳಿಸಿದ್ದು ಹಿಗ್ಗಿದ ಹೊತ್ತಲ್ಲ. ತಿರುವಿಗೆ ಮುಂಚೆ ವೇಗ ಇಳಿಸಿದ್ದಿರಿ, ಅದು.

ಇದೇ ಜಾತಿಯ ಇನ್ನೊಂದು ಮೋಸ ವೇಗದ ಅಂದಾಜಿನಲ್ಲಿದೆ. ಹಾಸನದಿಂದ ಬೆಂಗಳೂರಿನ ಕಡೆಗೆ ನಾಲ್ಕು ಪಥದ ರಸ್ತೆಯಲ್ಲಿ ಅರ್ಧ ಗಂಟೆ 80ರಲ್ಲಿ ಓಡಿಸಿ, ಚನ್ನರಾಯಪಟ್ಟಣದಲ್ಲಿ ಊರೊಳಗೆ ಇಳಿಯಿರಿ. 50 ಅನ್ನುವುದು ತೆವಳಿದಂತೆ ಅನ್ನಿಸುತ್ತದೆ. ಕಣ್ಣು ವೇಗಕ್ಕೆ ಒಗ್ಗಿಬಿಟ್ಟಿರುತ್ತದೆ. ಹೆದ್ದಾರಿ ಬಿಟ್ಟ ಮೊದಲ ಕೆಲವು ನಿಮಿಷ ಮನಸ್ಸನ್ನು ನಂಬಬೇಡಿ, ಮೀಟರ್ ನೋಡಿ. ತಡವಾಯಿತು ಅಂತ ಬೆಳಗ್ಗೆ ಜೋರಾಗಿ ಹೋಗುವುದರಲ್ಲೂ ಲೆಕ್ಕ ತಪ್ಪುತ್ತದೆ. ನಿಮ್ಮ 25 ಕಿ.ಮೀ. ದಾರಿಗೆ 50ರಲ್ಲಿ ಹೋದರೆ ಅರ್ಧ ಗಂಟೆ. 60ರಲ್ಲಿ 25 ನಿಮಿಷ. 75ರಲ್ಲಿ 20 ನಿಮಿಷ. ಮೊದಲ ಐದು ನಿಮಿಷ ಉಳಿಸಲು 10 ಕಿ.ಮೀ. ವೇಗ ಜಾಸ್ತಿ ಮಾಡಿದರೆ ಸಾಕು, ಮುಂದಿನ ಐದಕ್ಕೆ 15 ಬೇಕು, ಅದೂ ದಾರಿಯುದ್ದಕ್ಕೂ ದನ, ಬಸ್ಸು, ಹಂಪ್ ಒಂದೂ ಸಿಗದಿದ್ದರೆ. ಗಾಳಿ ಜೋರಾಗಿ ಹೊಡೆಯುವುದರಿಂದ ತುಂಬಾ ಉಳಿಯಿತು ಅನ್ನಿಸುತ್ತದೆ ಅಷ್ಟೇ.

ಏನು ಮಾಡಬಹುದು ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಆಫೀಸಿನಲ್ಲಿ ಎರಡೂವರೆಯ ನಂತರಕ್ಕೆ ಸುಲಭದ ಕೆಲಸ ಇಟ್ಟುಕೊಳ್ಳುವುದು ಎಲ್ಲರ ರೂಢಿ. ಮಂಪರು ಇರುತ್ತಲ್ಲ, ಆಮೇಲೆ ಫೈಲ್ ಜೋಡಿಸಿದರಾಯ್ತು ಅಂತ. ಉಲ್ಟಾ ಮಾಡಿ ನೋಡಿ. ಸ್ಟಾಕ್ ಹೊಂದಿಸುವುದು, ಹಳೆಯ ಬಾಕಿ ಹುಡುಕುವುದು, ತಲೆ ತಿನ್ನುವ ಕೆಲಸವನ್ನು ಆ ಹೊತ್ತಿಗೆ ಇಡಿ. ಅದನ್ನೂ ಮುಕ್ಕಾಲು ಗಂಟೆಗೆ ಒಂದೊಂದು ಮುಗಿಯುವ ಹಾಗೆ ತುಂಡು ಮಾಡಿ, ಮುಗಿದದ್ದು ಕಣ್ಣಿಗೆ ಕಾಣಬೇಕು. ನಡುವೆ ಎದ್ದು ಗೋಡೌನ್ ತನಕ ಒಂದು ಸುತ್ತು. ಸೀಸನ್ನಿನ ಹಾಗೆ ಓಡುವುದಿಲ್ಲ, ಆದರೆ ಈಗಿನಷ್ಟು ಎಳೆಯುವುದೂ ಇಲ್ಲ. ಬೇಸರದ ಕೆಲಸಕ್ಕೆ ಭಾನುವಾರದ ಬೈಕ್ ಮದ್ದು ಅಂತ ಹೇಳುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಕಮ್ಮಿ. ಭಾನುವಾರ ಎಷ್ಟು ತುಂಬಿದರೂ ಸೋಮವಾರದ ಮಧ್ಯಾಹ್ನ ಅದರಿಂದ ತುಂಬುವುದಿಲ್ಲ.

ದಿನದ ದಾರಿಗೆ, ವಾರಕ್ಕೊಂದೆರಡು ಸಲ ಒಳದಾರಿ ಹಿಡಿಯಿರಿ, ಹತ್ತು ನಿಮಿಷ ಜಾಸ್ತಿಯಾದರೂ ಪರವಾಗಿಲ್ಲ. ಅದಾಗದಿದ್ದರೆ ಹೊರಡುವಾಗ ಒಂದು ಕೆಲಸ ಕೊಟ್ಟುಕೊಳ್ಳಿ. ಇವತ್ತು ನಿನ್ನೆಗಿಂತ ಬೇರೆ ಏನು ಕಾಣುತ್ತದೆ ಅಂತ ಹುಡುಕುತ್ತಾ ಹೋಗುವುದು. ಮಾರ್ಚ್, ಏಪ್ರಿಲ್‌ನಲ್ಲಿ ಮಳೆ ಬಿದ್ದು ಕಾಫಿ ಹೂ ಬಿಟ್ಟ ವಾರ ಯಾವ ತೋಟ ಅರಳಿದೆ, ಯಾವುದು ಇನ್ನೂ ಇಲ್ಲ ಅಂತ ನೋಡಿದರೂ ಆಯಿತು. ಕಣ್ಣು ರಸ್ತೆಯ ಮೇಲಿರಲಿ, ತೋಟ ಅಂಚಿನಲ್ಲಿ ಕಾಣುವಷ್ಟು ಸಾಕು.

ಭಾನುವಾರಕ್ಕೆ ಒಂದು ಎಚ್ಚರಿಕೆ. ಚಾರ್ಮಾಡಿಯೂ ನಿಮಗೆ ನಿಧಾನಕ್ಕೆ ಬೇಲೂರು ರಸ್ತೆಯಂತೆಯೇ ಆಗುತ್ತದೆ. ಮುಂದಿನ ತಿರುವು ಬಾಯಿಪಾಠ ಆದಾಗ ಮೊದಲಿನ ಮಜಾ ಇಲ್ಲ ಅನ್ನಿಸುತ್ತದೆ. ಆಗ ಸವಾರರು ಮಾಡುವ ಮೊದಲ ಕೆಲಸ ವೇಗ ಏರಿಸುವುದು. ದಯವಿಟ್ಟು ಬೇಡ. ದಿನವನ್ನು ಉದ್ದ ಮಾಡಿದ್ದು ವೇಗವಲ್ಲ. ದಾರಿ ಬದಲಿಸಿ. ಬಿಸಿಲೆ ಕಡೆ ಹೋಗಿ, ಬಾಳೆಹೊನ್ನೂರಿನ ಕಡೆ ಹೋಗಿ. ಕಲ್ಲು ಕಿತ್ತ ರಸ್ತೆಯಲ್ಲಿ 30ರಲ್ಲಿ ಹೋದ ಒಂದು ಗಂಟೆ, ಹೆದ್ದಾರಿಯಲ್ಲಿ 80ರಲ್ಲಿ ಹೋದ ಎರಡು ಗಂಟೆಗಿಂತ ನೆನಪಿನಲ್ಲಿ ದೊಡ್ಡದು.

ಮನೆಯವರಿಗೂ ಒಂದು ಕೆಲಸ ಕೊಡಿ. ದಾರಿ ನೋಡುವುದು, ಎಲ್ಲಿ ನಿಲ್ಲಿಸಬೇಕು ಅಂತ ಹೇಳುವುದು ಅವರ ಪಾಲಿಗಿರಲಿ. ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಿ, ಅವರು ಹೇಳಿದಲ್ಲಿ. ಹಿಂದಿನ ಸೀಟಿನ ಕುಶನ್ ಒಮ್ಮೆ ಕೈಯಿಂದ ಒತ್ತಿ ನೋಡಿ, ತುಂಬಾ ಬೈಕುಗಳಲ್ಲಿ ಅದು ಹೆಸರಿಗಷ್ಟೇ ಇರುತ್ತದೆ. ಅವರಿಗೂ ಓಡಿಸುವ ಮನಸ್ಸಿದ್ದರೆ ಲೈಸೆನ್ಸ್ ಮಾಡಿಸಿ, ಕೊಟ್ಟಿಗೆಹಾರದವರೆಗಿನ ದಾರಿಯಲ್ಲಿ ಒಮ್ಮೆ ಹ್ಯಾಂಡಲ್ ಅವರ ಕೈಗೆ ಕೊಟ್ಟು ನೀವು ಹಿಂದೆ ಕೂತುಕೊಳ್ಳಿ. ಎಷ್ಟು ದೂರ ಅಂತ ಆಗ ಯಾರು ಕೇಳುತ್ತಾರೆ ಅನ್ನುವುದನ್ನು ನನಗೆ ಬರೆದು ತಿಳಿಸಿ.